ಸೆಪ್ಟೆಂಬರ್ 17ರ ವೇದಿಕೆಯಲ್ಲಿ ರಾವಿ ನಾರಾಯಣ ರೆಡ್ಡಿಯವರ ಹೆಸರೂ ಕೇಳಿಸಲಿ

ಕಲಬುರಗಿ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನೆನಪಿನ ಕಲ್ಯಾಣ ಕರ್ನಾಟಕ ಉತ್ಸವದಂದು ಸರ್ದಾರ್ ಪಟೇಲರ ಪ್ರತಿಮೆಗೆ ಮಾಲಾರ್ಪಣೆ ಮಾಡಿ, ವಿಮೋಚನಾ ಹೋರಾಟದ ನಾಯಕ ಸ್ವಾಮಿ ರಮಾನಂದ ತೀರ್ಥರನ್ನು ಸ್ಮರಿಸುವುದು ಯೋಗ್ಯವೇ ಆಗಿದೆ. ಆದರೆ ನಿಜಾಮನ ಆಳ್ವಿಕೆಯನ್ನು ಊರೂರಿನಲ್ಲಿ ಎದುರಿಸಿದ ರೈತರನ್ನೂ ಅವರ ನಾಯಕರಾದ ರಾವಿ ನಾರಾಯಣ ರೆಡ್ಡಿಯವರನ್ನೂ ಆ ವೇದಿಕೆಯಿಂದ ಯಾರಾದರೂ ನೆನೆದದ್ದನ್ನು ನಾನು ಕೇಳಿಲ್ಲ.

1908ರಲ್ಲಿ ನಲ್ಗೊಂಡ ಸೀಮೆಯ ಬೊಲ್ಲೇಪಲ್ಲಿಯಲ್ಲಿ, ಭೂಮಾಲೀಕರ ಮನೆಯಲ್ಲಿ ಹುಟ್ಟಿದ ರೆಡ್ಡಿಯವರು ಸ್ವಂತ ಜಮೀನನ್ನು ಬಡವರಿಗೆ ಹಂಚಿದರು. 1941ರಲ್ಲಿ ಹೈದರಾಬಾದ್ ಸಂಸ್ಥಾನದ ತೆಲುಗರ ಸಂಘಟನೆಯಾದ ಆಂಧ್ರ ಮಹಾಸಭೆಯ ಅಧ್ಯಕ್ಷರಾಗಿ, ಓದುಬಲ್ಲವರ ಕೂಟದಂತಿದ್ದ ಅದನ್ನು ದೇಶಮುಖರೆಂಬ ದೊಡ್ಡ ಜಮೀನ್ದಾರರ ಬಿಟ್ಟಿ ಚಾಕರಿಯಲ್ಲಿ ಬೆಂದವರ ಬಳಿಗೆ ಒಯ್ದರು. 1946ರ ಜುಲೈ 4ರಂದು ಕಡವೆಂಡಿ ಗ್ರಾಮದಲ್ಲಿ ರೈತ ಹೋರಾಟಗಾರ ದೊಡ್ಡಿ ಕೊಮರಯ್ಯ ಗುಂಡಿಗೆ ಬಲಿಯಾದ ಮೇಲೆ ಹೋರಾಟ ಸಶಸ್ತ್ರ ರೂಪ ತಾಳಿತು.

ನಿಜಾಮನ ಆಳ್ವಿಕೆಯನ್ನು ಕೊನೆಗೊಳಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ನಂತರವೂ, ಈ ಹೋರಾಟವನ್ನು ಮುನ್ನಡೆಸುತ್ತಿದ್ದ ಕಮ್ಯುನಿಸ್ಟ್ ಪಕ್ಷ ಬಂದೂಕು ಕೆಳಗಿಡಲಿಲ್ಲ. ಅದು ತಪ್ಪು ನಿರ್ಧಾರವಾಗಿತ್ತೆಂದೇ ನನ್ನ ಅಭಿಪ್ರಾಯ. ಹಾಗೆಂದು ಪಕ್ಷದೊಳಗೇ ವಾದಿಸಿದವರಲ್ಲಿ ರೆಡ್ಡಿಯವರು ಪ್ರಮುಖರು ಎಂಬುದನ್ನು ಮರೆಯಬಾರದು. 1951ರಲ್ಲಿ ಹೋರಾಟವನ್ನು ಹಿಂಪಡೆದ ಮೇಲೆ, ಹೈದರಾಬಾದ್ ರಾಜ್ಯದಲ್ಲಿ ಪಕ್ಷಕ್ಕೆ ನಿಷೇಧವಿದ್ದುದರಿಂದ ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಹೆಸರಿನಲ್ಲಿ ಅವರು ನಲ್ಗೊಂಡದಿಂದ ಲೋಕಸಭೆಗೆ ಸ್ಪರ್ಧಿಸಿ 3 ಲಕ್ಷಕ್ಕೂ ಹೆಚ್ಚು ಮತ ಪಡೆದರು; ಆ ಮೊದಲ ಮಹಾಚುನಾವಣೆಯಲ್ಲಿ ನೆಹರೂ ಅವರಿಗೂ ಅಷ್ಟು ಮತ ಬಿದ್ದಿರಲಿಲ್ಲ.

ತೆಲಂಗಾಣದ ಈ ಕಥೆ ನಮಗೇಕೆ ಎಂದು ಕೇಳುವವರಿದ್ದಾರೆ. 1956ರ ನವೆಂಬರ್ 1ರವರೆಗೆ ಗುಲ್ಬರ್ಗ, ಬೀದರ್, ರಾಯಚೂರು ಜಿಲ್ಲೆಗಳು ಅದೇ ಹೈದರಾಬಾದ್ ರಾಜ್ಯದಲ್ಲಿದ್ದವು. 1949ರ ಜಾಗೀರು ರದ್ದತಿಯೂ 1950ರ ಹೈದರಾಬಾದ್ ಗೇಣಿ ಕಾಯ್ದೆಯೂ ನಮ್ಮ ಹೊಲಗಳಿಗೆ ಅನ್ವಯಿಸಿದವು. ನಲ್ಗೊಂಡ, ವರಂಗಲ್ಲಿನ ರೈತರು ಸಿಡಿದೇಳದಿದ್ದರೆ ಅವು ಅಷ್ಟು ಬೇಗ ಬರುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ. ಚಿತ್ತಾಪುರದಲ್ಲೋ ಸೇಡಂನಲ್ಲೋ ಗೇಣಿದಾರನ ಮೊಮ್ಮಗನೊಬ್ಬ ಉರ್ದುವಿನಲ್ಲಿರುವ ಹಳೆಯ ಪಹಣಿಯ ನಕಲು ಹಿಡಿದು, ಅದನ್ನು ಓದಿ ಹೇಳುವವರಿಗಾಗಿ ತಹಶೀಲ್ದಾರ್ ಕಚೇರಿಯ ಹೊರಗೆ ಕಾಯುತ್ತಿರುತ್ತಾನೆ. ಆ ಹಾಳೆಗೆ ಅಜ್ಜನ ಹೆಸರು ಹೇಗೆ ಬಂತೆಂದು ಅವನಿಗೆ ಶಾಲೆಯಲ್ಲಾಗಲಿ ಉತ್ಸವದಲ್ಲಾಗಲಿ ಯಾರೂ ಹೇಳಿರುವುದಿಲ್ಲ.

ರೆಡ್ಡಿಯವರು 1991ರಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಅವರಿಗೆ ಪದ್ಮವಿಭೂಷಣ ನೀಡಿತು. ಆದ್ದರಿಂದ ಅವರನ್ನು ಸ್ಮರಿಸಲು ಪಕ್ಷಭೇದ ಅಡ್ಡಿಯಾಗಬೇಕಿಲ್ಲ. ಬರುವ ಸೆಪ್ಟೆಂಬರ್ 17ರ ತಮ್ಮ ಭಾಷಣದಲ್ಲಿ ಈ ರೈತ ಹೋರಾಟವನ್ನು ಸೇರಿಸಬೇಕು. ಜೊತೆಗೆ, ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿರುವ ಆ ಕಾಲದ ಉರ್ದು ಗೇಣಿ ದಾಖಲೆಗಳನ್ನು ಕನ್ನಡಕ್ಕೆ ತಂದು, ಸಾರ್ವಜನಿಕರು ನೋಡಲು ಅನುವು ಮಾಡಿಕೊಡುವಂತೆ ಜಿಲ್ಲಾಡಳಿತಕ್ಕೆ ಸೂಚಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಲಬುರಗಿಯ ನಾಗರಿಕ