ಅಮ್ಮನಿಗೆ 80, ಜೊತೆಗೆ ಬಾಕಿ ಉಳಿದ ಥ್ಯಾಂಕ್ಸ್

ಭಾನುವಾರ ಅಮ್ಮನ 80ನೇ ಹುಟ್ಟುಹಬ್ಬಕ್ಕೆ ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, ಎಲ್ಲರಿಗೂ ನಮಸ್ಕಾರ. ಒಬ್ಬಟ್ಟು ಕಡಿಮೆ ಬಿತ್ತು ಅಂತ ಅಮ್ಮ ಇನ್ನೂ ಗೊಣಗುತ್ತಿದ್ದಾರೆ. ಎಲ್ಲರೂ ಹೋದ ಮೇಲೆ ಅವರೇ ಹೇಳಿದರು: "ಆ ನೀರಿನ ರಾತ್ರಿ ನಮ್ಮನ್ನ ಉಳಿಸಿದವರ ಬಗ್ಗೆ ಬರಿ. ನಾನು ಇರುವಾಗಲೇ ಬರಿ." ಅಮ್ಮ ಹೇಳಿದ ಮೇಲೆ ಮುಗಿಯಿತು. ಕೂತು ಬರೆಯುತ್ತಿದ್ದೇನೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನೆರೆ ಬಂದು ನಮ್ಮ ಬೀದಿ ಮುಳುಗಿದ ರಾತ್ರಿಯ ಮಾತು ಇದು.

ಅಮ್ಮನ ಆರೋಗ್ಯದ ಕಥೆ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಬಿಚ್ಚುವುದಿಲ್ಲ. ಉಸಿರಾಟಕ್ಕೆ ಮೆಷಿನ್ ಬೇಕು, ಮೆಷಿನ್‌ಗೆ ಕರೆಂಟ್ ಬೇಕು. ಇಷ್ಟು ನೆನಪಿದ್ದರೆ ಸಾಕು.

ಮೊದಲು ಒಟ್ಟಿಗೆ ಹೇಳಬೇಕಾದವರಿಗೆ ಹೇಳಿಬಿಡುತ್ತೇನೆ. ಪೆಂಡಾಲಿನ ಹಲಗೆ ಮೇಲೆ ಅಮ್ಮನನ್ನು ಹೊತ್ತ ಗಣೇಶ ಸಮಿತಿಯ ಹುಡುಗರಿಗೆ, ಬಾಗಿಲು ತೆರೆದ ಎದುರು ಮನೆಯ ಎರಡನೇ ಮಹಡಿಯವರಿಗೆ, ಬೆಳಿಗ್ಗೆ ಟ್ರ್ಯಾಕ್ಟರ್ ತಂದು, ದುಡ್ಡು ಕೊಡಲು ಹೋದರೆ ಬೈದು ಕಳಿಸಿದ ಡ್ರೈವರ್‌ಗೆ, ಬೆಡ್ ಸಿಗುವವರೆಗೆ ಸ್ಟ್ರೆಚರ್ ಮೇಲೆಯೇ ಅಮ್ಮನನ್ನು ನೋಡಿಕೊಂಡ ನರ್ಸ್‌ಗಳಿಗೆ, ಕೆಸರು ಬಳಿದ ಪೌರಕಾರ್ಮಿಕರಿಗೆ, ನೆನೆದ ಕಂಬ ಹತ್ತಿದ ಬೆಸ್ಕಾಂ ಲೈನ್‌ಮನ್‌ಗಳಿಗೆ, ನನ್ನ ಒದ್ದೆ ಪುಸ್ತಕಗಳನ್ನು ಶಾಲೆಯ ಜಗಲಿಯಲ್ಲಿ ಪುಟ ಬಿಡಿಸಿ ಒಣಗಿಸಿದ ಎಂಟನೇ ಕ್ಲಾಸಿನ ಮಕ್ಕಳಿಗೆ (ಈಗ ಕಾಲೇಜಿನ ಮಕ್ಕಳು!), ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಇನ್ನು ಒಬ್ಬರ ಬಗ್ಗೆ ಜಾಸ್ತಿ ಬರೆಯಬೇಕು. ನಮ್ಮ ಲೇಔಟ್‌ನಲ್ಲಿ ಆಗ ರಾತ್ರಿ ಪಾಳಿಯಲ್ಲಿದ್ದ ವಾಚ್‌ಮನ್. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಅವರ ಊರು ಅಸ್ಸಾಮಿನ ಬರಾಕ್ ಕಣಿವೆಯಲ್ಲಿ, ಸಿಲ್ಚಾರ್ ಹತ್ತಿರ. ಬರಾಕ್ ನದಿಯ ಒಡ್ಡು ಒಡೆದು 2022ರ ಜೂನ್‌ನಲ್ಲಿ ಸಿಲ್ಚಾರ್ ನಗರವೇ ಮುಳುಗಿತ್ತಲ್ಲ, ಆಗ ಅವರ ಮನೆಯೂ ಮುಳುಗಿತ್ತು. ಊರಿಗೆ ಹೋಗಿ, ಹೆಂಡತಿ ಮಕ್ಕಳನ್ನು ಅಣ್ಣನ ಮನೆಯಲ್ಲಿ ಬಿಟ್ಟು, ಮತ್ತೆ ಡ್ಯೂಟಿಗೆ ಬಂದಿದ್ದರು. ಈ ವಿಷಯ ನಮ್ಮ ಬೀದಿಯಲ್ಲಿ ಗೊತ್ತಿದ್ದದ್ದು ಅಮ್ಮನಿಗೆ ಮಾತ್ರ. ಬೆಳಿಗ್ಗೆ ಕಾಫಿ ಕೊಡುವಾಗ ಮಾತಾಡುತ್ತಿದ್ದರು. ಇವರಿಗೆ ಕನ್ನಡ, ಅವರಿಗೆ ಬಂಗಾಳಿ, ನಡುವೆ ಇಬ್ಬರಿಗೂ ಸರಿಯಾಗಿ ಬಾರದ ಹಿಂದಿ. ಅವರು ಅಮ್ಮನನ್ನು "ಮಾಸಿ" (ಚಿಕ್ಕಮ್ಮ) ಅನ್ನುತ್ತಿದ್ದರು. ಅಮ್ಮ ಅವರನ್ನು "ಮಗಾ" ಅನ್ನುತ್ತಿದ್ದರು.

ಸೆಪ್ಟೆಂಬರ್ 4, ಭಾನುವಾರ. ಹಬ್ಬದ ಐದನೇ ದಿನ. ಸಂಜೆ ಹುಡುಗರು ಗಣಪನನ್ನು ಬಿಟ್ಟು ಬಂದಿದ್ದರು, ಪೆಂಡಾಲಿನ ಹಲಗೆಗಳು ಇನ್ನೂ ಅಲ್ಲೇ ಬಿದ್ದಿದ್ದವು. ಮರುದಿನ ಶಿಕ್ಷಕರ ದಿನ. ಸೀರೆ ಇಸ್ತ್ರಿ ಮಾಡಿಟ್ಟು ಮಲಗಿದ್ದೆ. ನಡುರಾತ್ರಿ ವಾಚ್‌ಮನ್ ಸೀಟಿ ಊದುತ್ತಾ ಬಾಗಿಲು ಬಡಿದರು. ಮನೆಯೊಳಗೆ ಆಗ ಒಂದು ಹನಿ ನೀರೂ ಇರಲಿಲ್ಲ. ಅವರು ನನ್ನನ್ನು ದಾಟಿ ನೇರ ಬಚ್ಚಲಿಗೆ ಹೋದರು. ಕಮೋಡ್ ಒಳಗೆ ನೀರು ಗುಳುಗುಳು ಅನ್ನುತ್ತಿತ್ತು. ಬೀದಿಯಲ್ಲಿ ನೀರು ಏರಿದರೆ ಮನೆಗೆ ಮೊದಲು ಬರುವುದು ಬಾಗಿಲಿಂದ ಅಲ್ಲ, ಚರಂಡಿ ಪೈಪಿಂದ. ಇಷ್ಟು ವರ್ಷ ಪಾಠ ಹೇಳಿದ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಸೈಟಿನ ಮರಳನ್ನು ಸಿಮೆಂಟ್ ಚೀಲಕ್ಕೆ ತುಂಬಿ ತಂದು ಕಮೋಡ್ ಮೇಲೆ, ಬಚ್ಚಲ ತೂಬಿನ ಮೇಲೆ ಇಟ್ಟರು. ಗ್ಯಾಸ್ ರೆಗ್ಯುಲೇಟರ್ ತೆಗೆದು, ಸಿಲಿಂಡರ್ ತೇಲದ ಹಾಗೆ ಕಿಟಕಿ ಸರಳಿಗೆ ಕಟ್ಟಿದರು. ಅಮ್ಮನ ಮಾತ್ರೆ, ಆಧಾರ್, ಬ್ಯಾಂಕ್ ಪುಸ್ತಕ ಎಲ್ಲ ಅವಲಕ್ಕಿ ಡಬ್ಬಿಗೆ ಹೋಯಿತು. ಅವಲಕ್ಕಿ ನೆಲಕ್ಕೆ.

ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿದರು. ನಾನು ಕಿರುಚಿದೆ. ಅಮ್ಮನ ಮೆಷಿನ್! ಅದರ ಬ್ಯಾಟರಿ ಸ್ವಲ್ಪ ಹೊತ್ತಷ್ಟೇ ಬರುತ್ತಿತ್ತು. ಅವರು ಕೈ ತೆಗೆಯಲಿಲ್ಲ. "ಪಾನಿ, ಕರೆಂಟ್, ಖತಂ" ಅಂದರು, ಅಷ್ಟೇ. ಮರುದಿನ ರಾತ್ರಿ ವೈಟ್‌ಫೀಲ್ಡ್ ಕಡೆ ನೀರು ನಿಂತ ರಸ್ತೆಯಲ್ಲಿ ಕರೆಂಟ್ ಹೊಡೆದು ಒಬ್ಬ ಯುವತಿ ತೀರಿಕೊಂಡ ಸುದ್ದಿಯನ್ನು ಆಸ್ಪತ್ರೆಯ ಟಿವಿಯಲ್ಲಿ ನೋಡಿದೆ. ಆಗ ಕೈಕಾಲು ನಡುಗಿದವು.

ನನ್ನ ಬ್ಯಾಗಿನಿಂದ ಸೀಮೆಸುಣ್ಣ ತೆಗೆದುಕೊಂಡು ಹೊರಗೋಡೆ ಮೇಲೆ ಗೆರೆ ಎಳೆಯುತ್ತಾ ನಿಂತರು. ನೀರು ಗೆರೆ ಮುಟ್ಟಿದರೆ ಅದರ ಮೇಲೆ ನಾಲ್ಕು ಬೆರಳು ಬಿಟ್ಟು ಇನ್ನೊಂದು. ನೀರು ಎಷ್ಟು ಆಳ ಅನ್ನುವುದು ಅವರಿಗೆ ಮುಖ್ಯವಾಗಿರಲಿಲ್ಲ. ಎಷ್ಟು ಬೇಗ ಏರುತ್ತಿದೆ ಅಂತ ನೋಡುತ್ತಿದ್ದರು. ಎರಡು ಗೆರೆ ಸರಸರನೆ ಮುಳುಗಿದ ಮೇಲೆ ಹುಡುಗರನ್ನು ಕೂಗಿದರು. ಪೆಂಡಾಲಿನ ಹಲಗೆ ಬಂತು. ಸೊಂಟಮಟ್ಟದ ನೀರಲ್ಲಿ ಅವರು ಮುಂದೆ, ಕೈಯಲ್ಲಿ ಬಿದಿರು ಕೋಲು, ಚರಂಡಿಯ ಕಲ್ಲುಚಪ್ಪಡಿ ಎಲ್ಲಿ ಇಲ್ಲ ಅಂತ ತಡವುತ್ತಾ. ಹಿಂದೆ ಹಲಗೆ ಮೇಲೆ ಅಮ್ಮ, ಮಡಿಲಲ್ಲಿ ಮೆಷಿನ್ ತಬ್ಬಿಕೊಂಡು. ಎದುರು ಮನೆಯಲ್ಲಿ ಯುಪಿಎಸ್ ಇತ್ತು.

ಮುಂದಿನದನ್ನು ಸ್ವಲ್ಪ ಕಷ್ಟಪಟ್ಟು ಬರೆಯುತ್ತಿದ್ದೇನೆ. ಬೆಳಗಿನ ಜಾವ ಯುಪಿಎಸ್ ಕೂಗಲು ಶುರುಮಾಡಿತು. ಕೂಗಿ ಕೂಗಿ ನಿಂತಿತು. ಮೆಷಿನ್ ನಿಂತಿತು. ಆಂಬುಲೆನ್ಸ್ ಹೊರವರ್ತುಲ ರಸ್ತೆಯ ಆಚೆ ಸಿಕ್ಕಿಕೊಂಡಿತ್ತು. ಮಲಗಿದರೆ ಅಮ್ಮನಿಗೆ ಉಸಿರೇ ಇಲ್ಲ, ಕೂರಲು ತ್ರಾಣ ಇಲ್ಲ. ವಾಚ್‌ಮನ್ ನೆಲದ ಮೇಲೆ ಕಾಲು ಚಾಚಿ ಕೂತು, ಅಮ್ಮನ ಬೆನ್ನಿಗೆ ತಮ್ಮ ಬೆನ್ನು ಕೊಟ್ಟರು. ಬೆಳಕು ಹರಿದು ಟ್ರ್ಯಾಕ್ಟರ್ ಬರುವವರೆಗೆ ಅಲುಗಾಡಲಿಲ್ಲ. ಮೈಮೇಲಿನ ಯೂನಿಫಾರ್ಮ್ ಒದ್ದೆ, ಅಮ್ಮನ ಬೆನ್ನಿಗೆ ಥಂಡಿ ಆಗಬಾರದು ಅಂತ ನಡುವೆ ಒಂದು ಕಂಬಳಿ. ಮಾಸಿ ನಿದ್ದೆ ಮಾಡಬಾರದು ಅಂತ ಏನೇನೋ ಹೇಳುತ್ತಲೇ ಇದ್ದರು. ಊರಿನ ಕೆರೆ, ಬಾಳೆದಿಂಡಿನ ತೆಪ್ಪ, ಮಗಳ ಶಾಲೆ. ಅಮ್ಮ ಹೂಂಗುಟ್ಟುತ್ತಿದ್ದರು. ಹೂಂ ನಿಂತರೆ ಅವರು ಮೆಲ್ಲಗೆ ಬೆನ್ನಿಂದ ತಳ್ಳುತ್ತಿದ್ದರು. ಮತ್ತೆ ಹೂಂ.

ನಾನು ಮೂಲೆಯಲ್ಲಿ ಕೂತಿದ್ದೆ. ಇದು ಬೇಗ ಮುಗಿದುಹೋಗಲಿ, ಹೇಗೆ ಮುಗಿದರೂ ಸರಿ ಅಂತ ಆ ಹೊತ್ತಿನಲ್ಲಿ ಅನ್ನಿಸಿತು. ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಎಷ್ಟೋ ದಿನದ ಮೇಲೆ ಅಮ್ಮನಿಗೆ ಹೇಳಿದೆ. "ನನಗೂ ಹಾಗೇ ಅನ್ನಿಸ್ತಿತ್ತು ಕಣೇ. ಆದ್ರೆ ಪಾಪ ಆ ಹುಡುಗ ಅಷ್ಟು ಕಷ್ಟಪಟ್ಟು ಕೂತಿದ್ದಾನಲ್ಲ ಅಂತ ಉಸಿರು ಎಳ್ಕೊಂಡೆ" ಅಂದರು.

ಸರಿ. ಮುಂದಕ್ಕೆ ಹೋಗೋಣ.

ಆ ರಾತ್ರಿ ಸೇರಿ 24 ಗಂಟೆಯಲ್ಲಿ ಬೆಂಗಳೂರಿನಲ್ಲಿ ಬಿದ್ದದ್ದು 131.6 ಮಿ.ಮೀ. ಮಳೆ. ದೊಡ್ಡ ಮಳೆ, ಒಪ್ಪಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು, ಅದಕ್ಕೇ ಈಗ ಮಳೆ ಬಂದರೆ ಒಟ್ಟಿಗೇ ಸುರಿಯುತ್ತದೆ ಅಂತ ನಾನೇ ಕ್ಲಾಸಿನಲ್ಲಿ ಪಾಠ ಮಾಡುತ್ತೇನೆ. ಆದರೆ ಎಲ್ಲವನ್ನೂ ಆಕಾಶದ ಮೇಲೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಕಡೆ ಕಸವನಹಳ್ಳಿ ಕೆರೆ ತುಂಬಿದರೆ ಕೈಕೊಂಡ್ರಹಳ್ಳಿಗೆ, ಅಲ್ಲಿಂದ ಸೌಳ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿ ನದಿಗೆ. ಮೇಲಿನ ಕೊಡ ತುಂಬಿ ಕೆಳಗಿನ ಕೊಡಕ್ಕೆ ಚೆಲ್ಲಿದ ಹಾಗೆ. ಊರವರು ಕೋಡಿ, ತೂಬು, ರಾಜಕಾಲುವೆ ಅಂತ ಅದಕ್ಕೆ ದಾರಿ ಮಾಡಿಟ್ಟಿದ್ದರು. ಧರ್ಮಾಂಬುಧಿ ಕೆರೆಯಲ್ಲಿ ಬಸ್‌ಸ್ಟ್ಯಾಂಡ್ ಕಟ್ಟಿ, ಸಂಪಂಗಿ ಕೆರೆಯಲ್ಲಿ ಸ್ಟೇಡಿಯಂ ಕಟ್ಟಿ ಅಭ್ಯಾಸವಾದ ನಗರಕ್ಕೆ ಕಾಲುವೆ ಯಾವ ಲೆಕ್ಕ? ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರು, ದೊಡ್ಡ ನದಿ ಇಲ್ಲ, ನಮಗೆಲ್ಲಿಯ ನೆರೆ ಅಂತ ಎಲ್ಲರೂ ಆರಾಮಾಗಿದ್ದೆವು. ನೆರೆ ಅಂದರೇನು ಅಂತ ಗೊತ್ತಿದ್ದ ಮನುಷ್ಯ ನಮ್ಮ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

ನೆನಪಿರಬಹುದು, ಆ ವಾರ ಮನೆ ತುಂಬ ನೀರಿದ್ದರೂ ಕುಡಿಯಲು ಇರಲಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೇ ನೀರು ನುಗ್ಗಿ ಕಾವೇರಿ ಬರುವುದು ನಿಂತಿತ್ತು. ಕ್ಯಾನ್ ನೀರು ತಂದುಕೊಟ್ಟ ಸಹೋದ್ಯೋಗಿಗಳಿಗೂ, ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ಹುಡುಗನಿಗೂ ಥ್ಯಾಂಕ್ಸ್. ಮರುವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. 2024ರ ಬೇಸಿಗೆಯಲ್ಲಿ ಅದೇ ಸಂಪಿನ ಮುಂದೆ ಟ್ಯಾಂಕರ್‌ಗೆ ಕಾದೆವು.

ಆ ಹೊತ್ತಿಗೆ ನಮ್ಮ ವಾಚ್‌ಮನ್ ಇಲ್ಲಿರಲಿಲ್ಲ. ನೆರೆಯಾದ ಮರುವರ್ಷ ಲೇಔಟ್‌ನವರು ಏಜೆನ್ಸಿ ಬದಲಿಸಿದರು. ಹೊಸಬರು ಕಡಿಮೆ ರೇಟಿಗೆ ಬಂದರಂತೆ. ಹಳಬರೆಲ್ಲ ಹೋದರು, ಅವರೂ ಹೋದರು. ನಾನು ಮೀಟಿಂಗಿನಲ್ಲಿ ಜಗಳವಾಡಿದೆ, ಕೆಲವರು ಸಹಿ ಹಾಕಿಯೂ ಕೊಟ್ಟರು, ಏನೂ ಆಗಲಿಲ್ಲ. ಅದೇ ಮೀಟಿಂಗಿನಲ್ಲಿ "ವಿಪತ್ತು ನಿರ್ವಹಣೆ" ಅಂತ ಒಂದು ಸಮಿತಿ ಮಾಡಿದರು. ನಗಬೇಕೋ ಅಳಬೇಕೋ.

ಅವರು ಕಲಿಸಿದ್ದು ಮಾತ್ರ ಇಲ್ಲೇ ಇದೆ. ಚರಂಡಿ ಪೈಪಿಗೆ ನೀರು ವಾಪಸ್ ಬರದ ವಾಲ್ವ್ ಹಾಕಿಸಿದ್ದೇವೆ. ಸ್ವಿಚ್‌ಬೋರ್ಡುಗಳೆಲ್ಲ ಎದೆಮಟ್ಟಕ್ಕೆ ಏರಿವೆ. ಅಮ್ಮನ ಮೆಷಿನ್‌ಗೆ ಬೇರೆಯೇ ಬ್ಯಾಟರಿ ಇದೆ. ಫೋನಿನಲ್ಲಿ ಮಳೆ, ನೆರೆಯ ಮುನ್ಸೂಚನೆ ಕೊಡುವ ಮೇಘಸಂದೇಶ ಆ್ಯಪ್ ಇದೆ, ಮಳೆ ಜಾಸ್ತಿಯಾದರೆ ಅಮ್ಮನೇ "ನೋಡೇ, ಏನಂತೆ?" ಅನ್ನುತ್ತಾರೆ. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿದ್ದನ್ನು ಟಿವಿಯಲ್ಲಿ ತೋರಿಸಿದಾಗ ಅಮ್ಮ ಕೇಳಿದ್ದು ಒಂದೇ: "ಅಲ್ಲಿ ಮಲಗಿದಲ್ಲೇ ಇರೋ ಮುದುಕರು ಯಾವ್ಯಾವ ಮನೇಲಿದ್ದಾರೆ ಅಂತ ಯಾರಿಗಾದ್ರೂ ಗೊತ್ತಾ?" ನಮ್ಮ ಬೀದಿಯಲ್ಲಿ ಈಗ ನನಗೆ ಗೊತ್ತು. ಹೊಸ ವಾಚ್‌ಮನ್‌ಗೂ ತೋರಿಸಿದ್ದೇನೆ. ಅವರು ಕಲಬುರಗಿ ಕಡೆಯವರು, ಒಳ್ಳೆಯ ಮನುಷ್ಯ, ಅವರಿಗೂ ಒಂದು ಥ್ಯಾಂಕ್ಸ್.

ಭಾನುವಾರ ಸಿಲ್ಚಾರಿನಿಂದ ವಿಡಿಯೋ ಕಾಲ್ ಬಂತು. ಈಗ ಅಲ್ಲೇ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. ಮಗಳು ಉದ್ದ ಬೆಳೆದಿದ್ದಾಳೆ. ಅಮ್ಮನೂ ಅವರೂ ಹಳೇ ಹರಕು ಹಿಂದಿಯಲ್ಲೇ ಮಾತಾಡಿದರು, ಒಬ್ಬಟ್ಟನ್ನು ಕ್ಯಾಮೆರಾಗೆ ಹಿಡಿದು ತೋರಿಸಿದರು. ಥ್ಯಾಂಕ್ಸ್ ಅನ್ನಲು ಹೋದರೆ ಅವರು ಮಾತು ಬದಲಿಸುತ್ತಾರೆ, ನನಗೆ ಹಿಂದಿ ಕೈಕೊಡುತ್ತದೆ.

ಅದಕ್ಕೇ ಒಂದು ಕೆಲಸ ಕೇಳುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಕನ್ನಡ, ಬಂಗಾಳಿ ಎರಡೂ ಬರುತ್ತದಾ? ಸಿಲ್ಹೆಟ್ ಕಡೆಯ ಬಂಗಾಳಿ ಆದರೆ ಇನ್ನೂ ಒಳ್ಳೆಯದು. ಇದನ್ನು ಅವರ ಮಾತಿನಲ್ಲಿ ಓದಿ ಒಂದು ವಾಯ್ಸ್ ಮೆಸೇಜ್ ಮಾಡಿಕೊಡಿ, ನಾನು ಕಳಿಸುತ್ತೇನೆ. ಮೀಟಿಂಗಿನ ಜಗಳದ ಭಾಗ ಬಿಟ್ಟರೂ ಪರವಾಗಿಲ್ಲ. ಅಮ್ಮ ಉಸಿರು ಎಳೆದುಕೊಂಡದ್ದು ಯಾಕೆ ಅನ್ನುವ ಭಾಗ ಬಿಡಬೇಡಿ, ಅದು ಅವರಿಗೆ ಇನ್ನೂ ಗೊತ್ತಿಲ್ಲ.