ಚರಂಡಿಯ ಮೇಲಿರುವ ವೀರಗಲ್ಲನ್ನು ಎತ್ತಿಸಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ, ನಿವೃತ್ತ ಶಾಲಾ ಮೇಷ್ಟ್ರೊಬ್ಬನ ನಮಸ್ಕಾರಗಳು.

ಕಚೇರಿಯ ಮುಂದಿನ ಚರಂಡಿಗೆ ಚಪ್ಪಡಿಯಾಗಿ ಹಾಸಿರುವ ವೀರಗಲ್ಲನ್ನು ಎತ್ತಿಸಿ ಎಂದು ಒಂಬತ್ತು ವರ್ಷಗಳಿಂದ ಅರ್ಜಿ ಕೊಡುತ್ತಿದ್ದೇನೆ. ತಮ್ಮ ಕೈಗೇ ಎರಡು ಸಲ ಕೊಟ್ಟಿದ್ದೇನೆ. ಒಂದು ಹಿಂಬರಹವೂ ಬಂದಿಲ್ಲ. ಇನ್ನು ಸಾಕು ಎಂದುಕೊಂಡಿದ್ದೆ. ಆದರೆ ಮಗನ ಊರಿನಿಂದ ಮರಳಿದ ಮೇಲೆ ಸುಮ್ಮನಿರಲಾಗುತ್ತಿಲ್ಲ.

ಮಗ ಇರುವುದು ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್‌ನಲ್ಲಿ. ಬಾರ್ತಲೋಮ್ಯೂ ಕೌಂಟಿಯ ಕೇಂದ್ರ. ನಮ್ಮಲ್ಲಿ ತಾಲೂಕು ಕೇಂದ್ರ ಇದ್ದ ಹಾಗೆ. ಸುಮಾರು 50 ಸಾವಿರ ಜನ, ಸುತ್ತ ಮುಸುಕಿನ ಜೋಳದ ಹೊಲಗಳು. 1874ರ ಕೋರ್ಟು ಕಟ್ಟಡ ಗಡಿಯಾರದ ಗೋಪುರದೊಂದಿಗೆ ಈಗಲೂ ನಿಂತಿದೆ. ಕಮಿನ್ಸ್ ಇಂಜಿನ್ ಕಂಪನಿಯ ಮುಖ್ಯಸ್ಥರಾಗಿದ್ದ ಇರ್ವಿನ್ ಮಿಲ್ಲರ್ 1950ರ ದಶಕದಲ್ಲಿ, ‘ಶಾಲೆ ಕಟ್ಟುವುದಾದರೆ ಒಳ್ಳೆಯ ವಾಸ್ತುಶಿಲ್ಪಿಯನ್ನು ಕರೆಸಿ, ಅವರ ಶುಲ್ಕ ನಮ್ಮ ಪ್ರತಿಷ್ಠಾನದ್ದು’ ಎಂದು ಮುಂದೆ ಬಂದರಂತೆ. ಹಾಗೆ ಆ ಪುಟ್ಟ ಊರಿಗೆ ಹೆಸರಾಂತ ವಾಸ್ತುಶಿಲ್ಪಿಗಳು ಬಂದರು. ಅಲ್ಲಿನ ಗ್ರಂಥಾಲಯ ವಾಸ್ತುಶಿಲ್ಪಿ ಐ. ಎಂ. ಪೇ ಅವರ ವಿನ್ಯಾಸ, 1969ರದು. ಅದರ ಮುಂದೆ ಶಿಲ್ಪಿ ಹೆನ್ರಿ ಮೂರ್ ಅವರ ಕಂಚಿನ ಕಮಾನು.

ಅದೆಲ್ಲ ಹಣವಂತರ ಮಾತು ಎಂದು ತಾವು ಹೇಳಬಹುದು. ಆದರೆ ಕೋರ್ಟಿನ ಪಕ್ಕದಲ್ಲಿ 25 ಸುಣ್ಣಕಲ್ಲಿನ ಕಂಬಗಳಿವೆ, ಒಂದೊಂದೂ 40 ಅಡಿ ಎತ್ತರ. 1997ರಲ್ಲಿ ನಿಲ್ಲಿಸಿದ್ದು. ಯುದ್ಧಗಳಲ್ಲಿ ಮಡಿದ ಆ ಕೌಂಟಿಯ ಮಕ್ಕಳ ಹೆಸರುಗಳನ್ನೂ ಅವರು ಮನೆಗೆ ಬರೆದ ಕಾಗದಗಳನ್ನೂ ಅದರಲ್ಲಿ ಕೊರೆದಿದ್ದಾರೆ. ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತ ನಿಂತವನಿಗೆ ನಮ್ಮ ಕಲ್ಲು ನೆನಪಾಗಿ ಕಣ್ಣು ಮಂಜಾಯಿತು. ಅದು ಅವರ ವೀರಗಲ್ಲು, ಶಾಸಕರೇ. ಅವರದು ಕಚೇರಿಯ ಎದುರು ತಲೆಯೆತ್ತಿ ನಿಂತಿದೆ. ನಮ್ಮದು ಕೊಳಚೆಯ ಮೇಲೆ ಬೋರಲು ಬಿದ್ದಿದೆ.

ಹಾಸುವ ಮುಂಚೆ ಅದನ್ನು ನಾನು ಓದಿದ್ದೆ. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು, ಬಿಲ್ಲು ಹಿಡಿದವನು. ನಡುವೆ ಅವನನ್ನು ಎತ್ತಿ ಒಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತವನು. ಊರಿನ ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನು ಅವನು.

ಕಳೆದ ತಿಂಗಳು ಜಲ್ಲಿ ಲಾರಿಯೊಂದು ಹತ್ತಿ ಕಲ್ಲು ಅಡ್ಡಡ್ಡ ಸೀಳಿತು. ಓಡಿಹೋಗಿ ಕೇಳಿದರೆ ಅಧಿಕಾರಿಯೊಬ್ಬರು, “ಮೇಷ್ಟ್ರೇ, ಅದನ್ನು ತೆಗೆದರೆ ಜನ ಚರಂಡಿಗೆ ಬೀಳುತ್ತಾರೆ. ಬೇರೆ ಚಪ್ಪಡಿಗೆ ಅನುದಾನವಿಲ್ಲ” ಎಂದರು. ನಾನೇ ಎತ್ತಿಸುತ್ತೇನೆ ಎಂದಾಗ, ಅಪ್ಪಣೆಯಿಲ್ಲದೆ ಮುಟ್ಟಿದರೆ ಕೇಸು ಹಾಕುತ್ತೇವೆ ಎಂದರು. ಹಾಸಿದವರ ಮೇಲೆ ಯಾವ ಕೇಸೂ ಇಲ್ಲ! ನಮ್ಮ ರಾಜ್ಯದ 1961ರ ಪುರಾತನ ಸ್ಮಾರಕಗಳ ಕಾಯ್ದೆಯನ್ನು ನಾನು ತಮಗೆ ಓದಿ ಹೇಳಬೇಕೇ? ತಮಗೆ ಎಲ್ಲ ಗೊತ್ತು. ಕಲ್ಲನ್ನು ಎತ್ತಿಸಿ, ಅಷ್ಟೇ.

ಪಿಂಚಣಿ ಹಣದಲ್ಲಿ ಆರೂವರೆ ಅಡಿಯ ಹೊಸ ಚಪ್ಪಡಿ ತರಿಸಿ ಮನೆಯ ಮುಂದೆ ಇಟ್ಟಿದ್ದೇನೆ. ಟ್ರ್ಯಾಕ್ಟರ್ ಬಾಡಿಗೆಯೂ ನನ್ನದೇ. ಬರುವ ಸೋಮವಾರ ನಾಲ್ಕು ಆಳುಗಳನ್ನು ಕಳಿಸಿ, ಒಂದು ಅಪ್ಪಣೆ ಚೀಟಿ ಕೊಡಿಸಿ. ವೀರಗಲ್ಲನ್ನು ಎತ್ತಿಸಿ.

ಇಂತಿ,
ತಮ್ಮ ಕ್ಷೇತ್ರದ ಮತದಾರ