"ಓದು" ಅಂದ ಅಕ್ಕನಿಗೆ

ಕಿರುಕಾದಂಬರಿ ಅಂತೂ ಮುಗಿಯಿತು. 13 ವರ್ಷದ ಹುಡುಗಿ, ಅವಳು ಕಣ್ಣು ಕೀಳದೆ ನೋಡುವ ಎದುರು ಮನೆಯ ಹೆಂಗಸು. ಇಷ್ಟೇ ಕಥೆ. ಎಷ್ಟು ಸಲ ಬರೆದೆ, ಎಷ್ಟು ಸಲ ಕೈಬಿಟ್ಟೆ ಅನ್ನೋದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳಲ್ಲ.

ಕರಡು ತಿದ್ದಿದವರು, ಮುಖಪುಟ ಮಾಡಿಕೊಟ್ಟವರು, "ಎಲ್ಲಿಗೆ ಬಂತು?" ಎಂದು ಕೇಳಿದವರು, ಕೇಳದೆ ಸುಮ್ನಿದ್ದವರು (ಅದೂ ದೊಡ್ಡ ಉಪಕಾರವೇ), ಎಲ್ಲರಿಗೂ ಥ್ಯಾಂಕ್ಸ್. ಇಂಗ್ಲಿಷಿನ ವೈಜ್ಞಾನಿಕ ಕಥೆ, ಫ್ಯಾಂಟಸಿಗಳಿಗೆ ಅಮೆರಿಕದಲ್ಲಿ ಕೊಡುವ ನೆಬ್ಯುಲಾ ಪ್ರಶಸ್ತಿಯವರ ಲೆಕ್ಕದಲ್ಲಿ ಕಿರುಕಾದಂಬರಿ ಅಂದರೆ 17,500 ಪದಗಳಿಂದ 40,000ದ ಒಳಗೆ ಎಂದು ತೋರಿಸಿ ನನ್ನ ಕರಡಿಗೆ ಕತ್ತರಿ ಹಾಕಿಸಿದ ಗೆಳೆಯನಿಗೂ. ಇಂಗ್ಲಿಷಿನ ಮೂರು ಪದ ಕನ್ನಡದ ಒಂದರಲ್ಲೇ ಅಡಗಿರುತ್ತೆ, ಆ ಲೆಕ್ಕ ನಮಗೆ ಹೊಂದಲ್ಲ ಎಂದು ವಾದಿಸಿದೆ. ಆಮೇಲೆ ಗೊತ್ತಾಯಿತು, ಹಾಗಿದ್ದರೆ ನಾನು ಇನ್ನೂ ಜಾಸ್ತಿ ಕತ್ತರಿಸಬೇಕಿತ್ತು!

ಇನ್ನು ಅಕ್ಕ.

ಕೊನೆಯ ಅಧ್ಯಾಯ ಅಳಿಸಿ ಹಾಕುತ್ತೇನೆ ಎಂದು ಕೂತಿದ್ದ ರಾತ್ರಿ ಅವಳು ಬಂದಳು. ಸಮಾಧಾನ ಮಾಡಲಿಲ್ಲ. "ಓದು" ಎಂದಳು. ಮೊದಲ ಪುಟದಿಂದ ಜೋರಾಗಿ ಓದಿದೆ. ಹುಡುಗಿ ಆ ಹೆಂಗಸಿನ ಹಾಗೇ ತಲೆ ಬಾಚಿಕೊಳ್ಳುವುದು, ಅವಳ ಓರೆ ಅಕ್ಷರ ಕಲಿಯುವುದು, ಅವಳು ಮರೆತುಹೋದ ಕರ್ಚೀಫು ಬಚ್ಚಿಟ್ಟುಕೊಳ್ಳುವುದು. ಎರಡು ಗಂಟೆಯ ಹೊತ್ತಿಗೆ ನನ್ನ ಗಂಟಲು ಕಟ್ಟಿತು. ಉಳಿದದ್ದನ್ನು ಅವಳೇ ಓದಿದಳು. ಮುಗಿಸಿ ಕೇಳಿದ್ದು ಒಂದೇ: "ಇವಳು ಇಷ್ಟೊಂದು ನೋಡ್ತಾಳಲ್ಲ, ಆ ಹೆಂಗಸು ಒಂದು ಸಲಾನಾದ್ರೂ ಇವಳನ್ನ ನೋಡಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗಿಯ ಕಣ್ಣಲ್ಲೇ ಕಥೆ ಹೇಳುವ ಭರದಲ್ಲಿ ಆ ಹೆಂಗಸಿಗೆ ಒಂದು ಸುಸ್ತು, ಒಂದು ಸಿಟ್ಟು, ತನ್ನದೇ ಆದ ಒಂದು ಸಂಜೆ ಕೂಡ ಕೊಟ್ಟಿರಲಿಲ್ಲ. ಬರೀ ಕಿಟಕಿ, ಅದರಲ್ಲೊಂದು ಮುಖ. ಅವಳ ವಯಸ್ಸೆಷ್ಟು ಎಂದು ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. 36. ನನಗೀಗ 41.

ಆಗ ಅತ್ತುಬಿಟ್ಟೆ. ನಾನೂ ಹಾಗೆ ಒಬ್ಬರನ್ನು ನೋಡುತ್ತಾ ಬೆಳೆದವಳು. ಅವರಿಗೇನು ಕಷ್ಟವಿತ್ತು ಅಂತ ಒಮ್ಮೆಯೂ ಕೇಳಲಿಲ್ಲ. ಈಗ ಕೇಳೋಣ ಅಂದರೆ ಅವರಿಲ್ಲ. ಅಕ್ಕ ಏನೂ ಅನ್ನಲಿಲ್ಲ. ಬೆಳಗಾಗುವವರೆಗೆ ಪಕ್ಕದಲ್ಲೇ ಕೂತಿದ್ದಳು.

ಸರಿ, ಸಾಕು. ಬೆಳಿಗ್ಗೆ ಬರೆದದ್ದು ಮೂರೇ ಪುಟ. ಆ ಹೆಂಗಸು ಬಾಗಿಲು ತೆಗೆದು "ದಿನಾ ನೋಡ್ತೀಯಲ್ಲ, ಏನು ಬೇಕು?" ಎಂದು ಕೇಳುತ್ತಾಳೆ. ಹುಡುಗಿ ಓಡಿಹೋಗುತ್ತಾಳೆ. ಆ ಮೂರು ಪುಟ ಇಲ್ಲದೆ ಈ ಪುಸ್ತಕ ಇಲ್ಲ.

ಅಕ್ಕಾ, ಮೊದಲ ಪ್ರತಿ ನಿನಗೆ. ಈ ಸಲ ಮೊದಲ ಪುಟದಿಂದಲೇ ನೀನು ಓದು, ನಾನು ಕೇಳ್ತೀನಿ.